ಮತ ಎಣಿಸದ ಸಭೆ



ಕನ್ನಡ ಕೂಟಗಳ ಸಮ್ಮೇಳನದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಮಾತು ಯಾಕೆ ಎಂದು ನೀವು ಕೇಳಬಹುದು. ನಾನು ಹಿಂದೆ ಇದ್ದ ಊರಿನ ಕನ್ನಡ ಕೂಟ ಒಂದು ಚುನಾವಣೆಯಿಂದಾಗಿ ಒಡೆಯಿತು. ಅಂತರ ಹನ್ನೊಂದು ಮತ. ಗೆದ್ದವರ ಪರವಾಗಿ ನಾನೂ ಕೈ ಎತ್ತಿದ್ದೆ. ಆ ವರ್ಷದಿಂದ ಊರಿಗೆ ಎರಡು ಯುಗಾದಿ, ಎರಡು ರಾಜ್ಯೋತ್ಸವ. ಈ ಸಂಗತಿ ಕೇಳಿದ ನನ್ನ ಸಹೋದ್ಯೋಗಿಯೊಬ್ಬರು, "ನಾವು ಕ್ವೇಕರರು ಮತ ಹಾಕುವುದೇ ಇಲ್ಲ, ಒಮ್ಮೆ ಬಂದು ನೋಡಿ" ಎಂದರು.

ಒಂದು ಭಾನುವಾರ ಅವರ ಮೀಟಿಂಗ್ ಹೌಸ್‌ಗೆ ಹೋದೆ. ಪಾದ್ರಿ ಇಲ್ಲ, ಶಿಲುಬೆ ಇಲ್ಲ, ಹಾಡೂ ಇಲ್ಲ. ಸುತ್ತಲೂ ಕುರ್ಚಿಗಳು, ನಡುವೆ ಮೇಜಿನ ಮೇಲೆ ಹೂವು. ಒಂದು ಗಂಟೆ ಮೌನ. ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡಿ ಕೂರುತ್ತಾರೆ. ಯಾರೂ ಉತ್ತರ ಕೊಡುವುದಿಲ್ಲ. ಕೊನೆಗೆ ಹಿರಿಯರಿಬ್ಬರು ಕೈ ಕುಲುಕಿದರೆ ಆರಾಧನೆ ಮುಗಿದಂತೆ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಬೋಧನೆಯಿಂದ ಬೆಳೆದ ಪಂಥವಿದು. ಪ್ರತಿಯೊಬ್ಬರೊಳಗೂ ದೇವರ ಅಂಶವಿದೆ, ಅದನ್ನು ಅರಿಯಲು ಪುರೋಹಿತರು ಬೇಕಿಲ್ಲ ಎಂಬುದು ಅವರ ನಂಬಿಕೆ. ವಚನಕಾರರ ನಾಡಿನಿಂದ ಬಂದ ನಮಗೆ ಇದು ಅಪರಿಚಿತವಲ್ಲ. ಎಲ್ಲ ಕ್ವೇಕರರೂ ಹೀಗೆ ಮೌನವಾಗಿ ಆರಾಧಿಸುತ್ತಾರೆ ಎಂದಲ್ಲ. ಅವರ ಸಂಖ್ಯೆ ಅತಿ ಹೆಚ್ಚಿರುವ ಕೀನ್ಯಾದಲ್ಲಿ ಪಾದ್ರಿಗಳೂ ಇದ್ದಾರೆ, ಹಾಡೂ ಇದೆ.

ಮುಂದೆ ಅನುಮತಿ ಪಡೆದು ಬ್ರಿಟನ್ ಕ್ವೇಕರರ ವಾರ್ಷಿಕ ಸಭೆಗೂ ಹೋದೆ. ಲಂಡನ್ನಿನ ಯೂಸ್ಟನ್ ನಿಲ್ದಾಣದ ಎದುರಿನ ಫ್ರೆಂಡ್ಸ್ ಹೌಸ್, ತುಂಬಿದ ದೊಡ್ಡ ಸಭಾಂಗಣ. ಅಲ್ಲಿ ಅಧ್ಯಕ್ಷರಿಲ್ಲ, ಕ್ಲರ್ಕ್ ಇರುತ್ತಾರೆ. ಮಾತಾಡಬೇಕೆನ್ನುವವರು ಎದ್ದು ನಿಲ್ಲುತ್ತಾರೆ, ಕ್ಲರ್ಕ್ ಒಬ್ಬರನ್ನು ಕರೆಯುತ್ತಾರೆ. ಒಬ್ಬರ ಮಾತು ಮುಗಿದ ಮೇಲೆ ಸ್ವಲ್ಪ ಮೌನ, ಆಮೇಲೆ ಇನ್ನೊಬ್ಬರು. ಚಪ್ಪಾಳೆ ಇಲ್ಲ, ಎದುರುತ್ತರ ಇಲ್ಲ. ಸಭೆಯ ಒಟ್ಟು ಮನಸ್ಸು ಎತ್ತ ಸಾಗಿದೆ ಎಂದು ಗ್ರಹಿಸಿ ಕ್ಲರ್ಕ್ ಅಲ್ಲಿಯೇ ನಿರ್ಣಯ ಬರೆದು ಓದುತ್ತಾರೆ. ಪದ ಸರಿಯಿಲ್ಲವೆನಿಸಿದರೆ ಅಲ್ಲಿಯೇ ತಿದ್ದುತ್ತಾರೆ. ಒಪ್ಪಿಗೆಯೇ ಎಂದು ಕೇಳಿದಾಗ ಸಭೆ ಹೇಳುವುದು "ಹೌದು" ಎಂದಲ್ಲ, "ಹಾಗೆಂದು ಆಶಿಸುತ್ತೇವೆ" ಎಂದು. ಮನಸ್ಸು ಕೂಡದಿದ್ದರೆ ವಿಷಯ ಮುಂದಕ್ಕೆ.

ಇದು ತುಂಬಾ ಚೆಂದ ಎಂದು ಹೇಳಿ ನಾನು ಮಾತು ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. 1688ರಲ್ಲಿ ಅಮೆರಿಕದ ಜರ್ಮನ್‌ಟೌನ್‌ನಲ್ಲಿ ನಾಲ್ವರು ಗುಲಾಮಗಿರಿ ತಪ್ಪೆಂದು ಬರೆದುಕೊಟ್ಟರು. ವಾರ್ಷಿಕ ಸಭೆ ಅದನ್ನು ಬದಿಗಿಟ್ಟಿತು. ಸಭೆಯಲ್ಲಿ ಗುಲಾಮರನ್ನು ಇಟ್ಟುಕೊಂಡವರೂ ಇದ್ದರಲ್ಲ! ಜಾನ್ ವುಲ್‌ಮನ್‌ನಂಥವರು ಅಂಥ ಸದಸ್ಯರ ಮನೆಮನೆಗೆ ಹೋಗಿ ಮಾತಾಡಿದರು. 1758ರಲ್ಲಿ ಗುಲಾಮರ ಕೊಡುಕೊಳ್ಳುವಿಕೆಯ ವಿರುದ್ಧ ಫಿಲಡೆಲ್ಫಿಯಾ ಸಭೆ ಕ್ರಮ ಕೈಗೊಂಡಿತು. ಗುಲಾಮರನ್ನು ಇಟ್ಟುಕೊಂಡವರಿಗೆ ಸದಸ್ಯತ್ವವಿಲ್ಲ ಎಂದು ನಿರ್ಣಯಿಸಿದ್ದು 1776ರಲ್ಲಿ. 88 ವರ್ಷ! ಸಭೆ ಮನಸ್ಸು ಕೂಡಲಿ ಎಂದು ಕಾಯುತ್ತಿದ್ದಾಗ ಆ ಕಾಯುವಿಕೆಯ ಬೆಲೆ ತೆತ್ತವರು ಸಭೆಯಲ್ಲಿ ಕುರ್ಚಿಯೇ ಇಲ್ಲದವರು. ಆದರೆ ಒಮ್ಮೆ ಮನಸ್ಸು ಕೂಡಿದ ಮೇಲೆ ಆ ಸಮುದಾಯ ಹಿಂದೆ ಸರಿಯಲಿಲ್ಲ. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಸಮಿತಿ ಕಟ್ಟಿದ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಕ್ವೇಕರರು.

ಹಾಗಾಗಿ ನಾವು ಚುನಾವಣೆ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ನಮ್ಮ ಕೂಟಗಳ ಬೈಲಾದಲ್ಲಿ ಅದು ಇದೆ, ಇರಲಿ. ಲೆಕ್ಕಪತ್ರದ ತಪ್ಪಿಗೆ, ಅನ್ಯಾಯಕ್ಕೆ ಕಾಯುತ್ತಾ ಕೂರುವುದೂ ಬೇಡ. ಆದರೆ ಹಬ್ಬ ಯಾವ ಹಾಲ್‌ನಲ್ಲಿ, ಕಲಾವಿದರು ಯಾರು, ಊಟ ಯಾರದು ಎಂಬ ವಿಷಯಗಳಿಗೆ ಕೈ ಎತ್ತಿಸುವ ಮೊದಲು ಎರಡು ನಿಮಿಷ ಸುಮ್ಮನಿರಬಹುದು. ಇನ್ನೂ ಮಾತಾಡದವರನ್ನು ಕೇಳಬಹುದು. ನಿರ್ಣಯವನ್ನು ಎಲ್ಲರೆದುರೇ ಬರೆದು ಓದಬಹುದು.

ಅಂದು ಹನ್ನೊಂದು ಮತಗಳಿಂದ ಗೆದ್ದ ನಾವು ಸೋತವರಿಗೆ ಏನು ಬೇಕಿತ್ತು ಎಂದು ಕೇಳಲೇ ಇಲ್ಲ. ನಿಮ್ಮ ಕೂಟದಲ್ಲಿ ಇನ್ನೂ ಕೇಳಲು ಸಮಯವಿದೆ.