ಹೀಟರ್ ಹಾಕಿದರೆ ಆಲೆಮನೆ ವಾಸನೆ!

ನಮ್ಮ ಹುಣಸೂರು ಸೀಮೆಯಲ್ಲಿ ಕಾರಿನೊಳಗೆ ಏನೇ ವಾಸನೆ ಬಂದರೂ ಆಪಾದನೆ ಹೊಗೆಸೊಪ್ಪಿನ ಮೇಲೆಯೇ. ನನ್ನ ಕಾರಿಗೂ ಹಾಗೇ ಆಯ್ತು. ಡಿಗ್ರಿ ಮುಗಿಸಿ ಎರಡು ವರ್ಷ ಎಫ್‌ಡಿಎ, ಪಿಡಿಒ ಅಂತ ಪುಸ್ತಕ ಹಿಡಿದು ಕೂತಿದ್ದವನಿಗೆ ಅಪ್ಪ ತಂಬಾಕು ಹರಾಜಿನ ದುಡ್ಡಿನಲ್ಲಿ ಹಳದಿ ಬೋರ್ಡಿನ ಹಳೇ ಕಾರೊಂದನ್ನು ಕೊಡಿಸಿದ್ದರು. ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುವುದು, ಅವರು ಒಳಗಿರುವಷ್ಟು ಹೊತ್ತು ಪಾರ್ಕಿಂಗ್‌ನಲ್ಲಿ ಕೂತು ಓದುವುದು. ಕೆಲಸ ಸಿಗುವ ತನಕ ಇದೇ ನನ್ನ ಕೆಲಸ.

ಡಿಸೆಂಬರ್ ಬಂತು. ಬೆಳಗಿನ ಜಾವ ಮಂಜು ಎಂದರೆ ಹತ್ತು ಮಾರು ಮುಂದಿನ ಎತ್ತಿನ ಗಾಡಿಯೂ ಕಾಣದಂಥ ಮಂಜು. ಗಾಜಿಗೆ ಹಬೆ ಕಟ್ಟಿತೆಂದು ಹೀಟರ್ ಹಾಕಿದೆ. ಮೊದಲ ದಿನ ಮುಗ್ಗಲು ವಾಸನೆ, ಅದರೊಳಗೆ ಏನೋ ಸಿಹಿ. ಹಿಂದೆ ಕೂತಿದ್ದವರು ‘ಸೊಪ್ಪು ತುಂಬಿದ್ರಾ ಇದರಲ್ಲಿ?’ ಎಂದರು. ಗ್ಯಾರೇಜಿನವನೊಬ್ಬ ಇಲಿ ಸತ್ತಿರಬೇಕು ಎಂದು ಸೆಂಟು ಹೊಡೆದು ಕಳಿಸಿದ. ಎರಡು ದಿನ ಮಲ್ಲಿಗೆ, ಮೂರನೇ ದಿನ ಮಲ್ಲಿಗೆಯೂ ಮುಗ್ಗಲೂ ಸೇರಿ ಇನ್ನೊಂದು ನರಕ.

ಅದಾದ ವಾರಕ್ಕೆ ಪಿರಿಯಾಪಟ್ಟಣದ ಅಜ್ಜಿಯೊಬ್ಬರನ್ನು ಕಣ್ಣಿನ ಆಪರೇಷನ್‌ಗೆ ಕರೆದೊಯ್ಯುತ್ತಿದ್ದೆ. ‘ಎಲ್ಲೋ ಬೆಲ್ಲ ಕಾಯಿಸ್ತಾವ್ರೆ’ ಎಂದರು ಅಜ್ಜಿ. ಕೆ.ಆರ್. ನಗರದ ಆಲೆಮನೆ ಪಕ್ಕ ಹೋದರೆ ಬರುವ ಘಮದ ಹಾಗೆಯೇ ಇತ್ತು, ಆದರೆ ನಾವಿದ್ದದ್ದು ಮೈಸೂರು ಹೆದ್ದಾರಿಯಲ್ಲಿ. ಹೀಟರ್ ಜೋರು ಮಾಡಿದಷ್ಟೂ ಗಾಜು ತಿಳಿಯಾಗುವ ಬದಲು ಇನ್ನಷ್ಟು ಮಬ್ಬಾಯಿತು. ಒರೆಸಿದರೆ ಬಟ್ಟೆಗೆ ಎಣ್ಣೆಯಂಥ ಜಿಡ್ಡು. ಬಿಳಿಕೆರೆ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಏರತೊಡಗಿತು. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದೆ. ಅಜ್ಜಿ ಮೂಗಿಗೆ ಸೆರಗು ಹಿಡಿದುಕೊಂಡೇ ಮಗನ ಜೊತೆ ಬಸ್ ಹತ್ತಿದರು. ಬಾಡಿಗೆ ಕೇಳುವ ಮುಖ ನನಗಿರಲಿಲ್ಲ.

ಅಂದು ರಸ್ತೆ ಬದಿ ಕೂತು ನಾನು ಕಲಿತದ್ದು ಯಾವ ಜಿಕೆ ಪುಸ್ತಕದಲ್ಲೂ ಇರಲಿಲ್ಲ. ಹೀಟರ್‌ಗೆ ಬೇರೆ ಬೆಂಕಿ ಇಲ್ಲ. ಎಂಜಿನ್ ತಂಪು ಮಾಡುವ ಕೂಲಂಟ್ ಬಿಸಿಯಾಗಿ ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್‌ಗೆ ಹರಿಯುತ್ತದೆ. ಅದನ್ನು ಹೀಟರ್ ಕೋರ್ ಅನ್ನುತ್ತಾರೆ. ಬ್ಲೋವರ್ ಅದರ ಮೂಲಕ ಗಾಳಿ ಊದುತ್ತದೆ, ಅಷ್ಟೇ. ಕೂಲಂಟ್‌ನಲ್ಲಿರುವ ಗ್ಲೈಕಾಲ್‌ಗೆ ಸಿಹಿ ವಾಸನೆ. ಕೋರ್ ಬಳಿ ಸೋರಿದರೆ ಆ ಆವಿ ಸೀದಾ ಮೂಗಿಗೆ, ಉಳಿದದ್ದು ಗಾಜಿಗೆ. ಎಡಗಡೆ ಸೀಟಿನ ಮ್ಯಾಟ್ ಎತ್ತಿ ನೋಡಿದೆ, ಕಾರ್ಪೆಟ್ ಒದ್ದೆ. ಬಾನೆಟ್ ಎತ್ತಿದರೆ ಕೂಲಂಟ್ ಡಬ್ಬಿ ಖಾಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು ಎಂಬುದು ಮಾತ್ರ ಅದೃಷ್ಟಕ್ಕೆ ಗೊತ್ತಿತ್ತು. ತೆಗೆದಿದ್ದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತಿತ್ತು. ಹಾಗೆಯೇ ಓಡಿಸಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟು ಅಪ್ಪನ ಒಂದು ವರ್ಷದ ಬೆಳೆ ಅಲ್ಲೇ ಕರಗುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಕೋರ್ ಬದಲಿಸಬೇಕು ಎಂದು ಹದಿನಾಲ್ಕು ಸಾವಿರದ ಲೆಕ್ಕ ಕೊಟ್ಟರು. ಕೆ.ಆರ್. ನಗರದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಹಾಗೆ ಮಾಡಲಿಲ್ಲ. ಗಾಡಿ ತಣ್ಣಗಾದ ಮೇಲೆ ಕೂಲಂಟ್ ತುಂಬಿ, ಕೈಪಂಪಿನಿಂದ ಪ್ರೆಶರ್ ಕೊಟ್ಟು, ಟಾರ್ಚ್ ಹಿಡಿದು ಕಾಲಿನ ಜಾಗದಲ್ಲಿ ಅಂಗಾತ ಮಲಗಿದರು. ಕೋರ್ ಚೆನ್ನಾಗೇ ಇತ್ತು. ಅದಕ್ಕೆ ಪೈಪು ಸೇರುವ ಕಡೆಯ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿತ್ತು. ರಿಂಗಿನ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ! ಕೂಲಂಟ್, ಕೂಲಿ ಸೇರಿ ಸಾವಿರದ ಇನ್ನೂರಾಯ್ತು. ಹಿಂದಿನ ಮಾಲೀಕ ಕೂಲಂಟ್‌ಗೆ ಬೋರ್‌ವೆಲ್ ನೀರು ಬೆರೆಸಿ ಓಡಿಸಿದ್ದಿರಬೇಕು, ಒಳಗಿಂದ ಬಂದದ್ದು ತುಕ್ಕಿನ ಕೆಂಪು ನೀರು.

ಮುಗ್ಗಲಿನ ಕಥೆ ಬೇರೆಯೇ. ಅವರು ಗ್ಲೋವ್ ಬಾಕ್ಸ್ ಬಿಚ್ಚಿ ಕ್ಯಾಬಿನ್ ಫಿಲ್ಟರ್ ಎಳೆದರು. ಎಚ್.ಡಿ. ಕೋಟೆ ರಸ್ತೆಯ ಧೂಳೆಲ್ಲ ಅಲ್ಲೇ. ಮುಂದಿನ ಗಾಜಿನ ಬುಡದ ಜಾಲರಿಯೊಳಗೆ ಹೊಂಗೆ ಎಲೆ ಕೊಳೆತಿತ್ತು, ಜೊತೆಗೆ ಇಲಿ ಕಟ್ಟಿದ ಭತ್ತದ ಹುಲ್ಲಿನ ಗೂಡು. ಎಸಿಯ ನೀರು ಹೊರಹೋಗುವ ಪೈಪೂ ಕಟ್ಟಿಕೊಂಡಿತ್ತು. ಅಂದರೆ ಇಲಿ ಎಂದವನೂ ಪೂರ್ತಿ ಸುಳ್ಳು ಹೇಳಿರಲಿಲ್ಲ, ಸೆಂಟು ಹೊಡೆದದ್ದಷ್ಟೇ ತಪ್ಪು.

ಕೈ ಒರೆಸಿಕೊಳ್ಳುತ್ತಾ ಅವರು ಹೇಳಿದ ಇನ್ನೆರಡು ಮಾತುಗಳನ್ನು ನೋಟ್ಸ್ ಹಾಳೆಯ ಹಿಂದೆ ಬರೆದಿಟ್ಟುಕೊಂಡಿದ್ದೇನೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಬ್ಲೋವರ್ ಮೋಟಾರು, ವೈರಿಂಗ್ ಕಡೆ ನೋಡಬೇಕು, ತಕ್ಷಣ ಆಫ್ ಮಾಡಬೇಕು. ಸೈಲೆನ್ಸರ್ ಹೊಗೆ ವಾಸನೆ ಬಂದರೆ ಕಿಟಕಿ ಇಳಿಸಿ ಗಾಡಿ ನಿಲ್ಲಿಸಬೇಕು. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಆಸ್ಪತ್ರೆ ಪಾರ್ಕಿಂಗ್‌ಗಳಲ್ಲಿ ಗಾಜು ಏರಿಸಿ, ಎಂಜಿನ್ ಆನ್ ಇಟ್ಟು ಮಲಗುವ ಡ್ರೈವರ್‌ಗಳನ್ನು ನಾನು ದಿನಾ ನೋಡುತ್ತೇನೆ. ನಾನೂ ಹಾಗೆ ಮಲಗಿದವನೇ.

ಕೂಲಂಟ್ ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. ಮೂರು ವಾರವಾಯಿತು, ಗೆರೆಯಿಂದ ಇಳಿದಿಲ್ಲ. ಪಿರಿಯಾಪಟ್ಟಣದ ಅಜ್ಜಿಯನ್ನು ಇನ್ನೊಂದು ಕಣ್ಣಿನ ಆಪರೇಷನ್‌ಗೆ ಮುಂದಿನ ಸೋಮವಾರ ಕರೆದೊಯ್ಯಬೇಕು. ಅವರ ಮಗನೇ ಫೋನ್ ಮಾಡಿ, ‘ಬೆಲ್ಲ ಕಾಯಿಸೋದು ನಿಲ್ತಾ?’ ಎಂದು ಕೇಳಿದರು.