ತಟ್ಟೆಯೊಳಗಿನ ಅರಳಿ

ಜಪಾನಿನಲ್ಲಿ ಚಳಿಗಾಲ ಮುಗಿದು ಮೇಪಲ್ ಮರದ ಮೊಗ್ಗುಗಳು ಉಬ್ಬತೊಡಗಿದಾಗ, ಬೋನ್ಸಾಯ್ ಕಲೆ ಬಲ್ಲವರು ತಮ್ಮ ಕುಬ್ಜ ಮರಗಳನ್ನು ಕುಂಡದಿಂದ ಎತ್ತಿ, ಬೇರು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡುತ್ತಾರೆ. ‘ಬೋನ್’ ಎಂದರೆ ತಟ್ಟೆ, ‘ಸಾಯ್’ ಎಂದರೆ ನೆಡುವುದು. ಚೀನದಲ್ಲಿ ಹುಟ್ಟಿದ ಕಲೆ ಜಪಾನಿನಲ್ಲಿ ಈ ಹೆಸರು ಪಡೆಯಿತು. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಮೇಪಲ್ ಬಾಳಲಾರದು. ಅದರ ವಿಶ್ರಾಂತಿಗೆ ಬೇಕಾದಷ್ಟು ಚಳಿ ಇಲ್ಲಿಲ್ಲ. ಆದರೆ ಅದೇ ನಿಯಮಕ್ಕೆ ಒಗ್ಗುವ ಮರವೊಂದು ನಮ್ಮಲ್ಲಿಯೇ ಉಂಟು: ಅರಳಿ.

ಹಳೆಯ ಗೋಡೆ, ಬಾವಿಯ ಕಟ್ಟೆ, ಮಾಳಿಗೆಯ ಅಂಚು, ಹೀಗೆ ಹಕ್ಕಿ ಬೀಜ ಬೀಳಿಸಿದಲ್ಲೆಲ್ಲ ಅರಳಿ ಹುಟ್ಟುತ್ತದೆ. ಬೆಳೆಯಲು ಬಿಟ್ಟರೆ ಗೋಡೆ ಬಿರಿಯುತ್ತದೆ. ಕಡಿದು ಬಿಸಾಡಲು ಮನಸ್ಸು ಒಪ್ಪದು. ನಮ್ಮ ಮನೆಯ ಗೋಡೆಯಲ್ಲಿ ಹುಟ್ಟಿದ ಅಂಥ ಸಸಿಯನ್ನು ಬೇರುಸಹಿತ ಬಿಡಿಸಿ ತಟ್ಟೆಗೆ ತಂದರೆ ಗೋಡೆಯೂ ಉಳಿಯುತ್ತದೆ, ಮರವೂ ಉಳಿಯುತ್ತದೆ.

ಮಾಘ-ಫಾಲ್ಗುಣಗಳಲ್ಲಿ ಅರಳಿ ಎಲೆಯುದುರಿಸಿ, ಯುಗಾದಿಯ ಸುಮಾರಿಗೆ ತಾಮ್ರವರ್ಣದ ಚಿಗುರು ತಳೆಯುತ್ತದೆ. ಮೊಗ್ಗು ಉಬ್ಬಿ, ಎಲೆ ಇನ್ನೂ ಬಿಚ್ಚದ ಆ ಕೆಲವು ದಿನಗಳೇ ಕುಂಡ ಬದಲಿಸುವ ಕಾಲ. ಎಲೆಯಿಲ್ಲದ ಮರ ನೀರನ್ನು ಹೆಚ್ಚಾಗಿ ಕಳೆದುಕೊಳ್ಳುವುದಿಲ್ಲ; ಕತ್ತರಿಸಿದ ಬೇರುಗಳೂ ಅದನ್ನು ಸಾಕಬಲ್ಲವು. ಎಲೆ ಬಿಚ್ಚಿದ ಮೇಲೆ ಬೇರು ಕಡಿದರೆ ಚಿಗುರು ಬಾಡುತ್ತದೆ. ಆದ್ದರಿಂದ ಪಂಚಾಂಗಕ್ಕಿಂತ ಮೊಗ್ಗನ್ನು ನೋಡುವುದು ಲೇಸು. ಆ ದಿನಗಳು ಕೈತಪ್ಪಿದರೆ ಮುಂಗಾರಿನವರೆಗೆ ಕಾಯಬೇಕು.

ಕೆಲಸವನ್ನು ಸಂಜೆಯ ಹೊತ್ತು, ಗಾಳಿಯಿಲ್ಲದ ನೆರಳಿನಲ್ಲಿ ಮಾಡಬೇಕು. ಒಣಗಾಳಿಗೆ ತೆರೆದಿಟ್ಟರೆ ಎಳೆಬೇರುಗಳು ಬೇಗನೆ ಸಾಯುತ್ತವೆ. ಪಕ್ಕದಲ್ಲಿ ಒದ್ದೆಯ ಗೋಣಿತಟ್ಟು ಇರಲಿ. ಬಿದಿರುಕಡ್ಡಿಯಿಂದ ಹಳೆಯ ಮಣ್ಣನ್ನು ಬಿಡಿಸಿ, ಸುತ್ತಿಕೊಂಡ ದಪ್ಪ ಬೇರುಗಳನ್ನು ಕತ್ತರಿಸಿ, ಎಳೆಬೇರುಗಳನ್ನು ಉಳಿಸಬೇಕು. ಒಟ್ಟು ಬೇರಿನ 3ರಲ್ಲಿ 1 ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

ಇನ್ನು ಮಣ್ಣು. ಜೋಳಕ್ಕೂ ಹತ್ತಿಗೂ ಅನ್ನದಾತೆಯಾದ ನಮ್ಮ ಎರೆಮಣ್ಣು ತಟ್ಟೆಯಲ್ಲಿ ಮಾತ್ರ ವೈರಿ. ನೀರುಂಡರೆ ಉಬ್ಬಿ ಬೇರಿಗೆ ಉಸಿರಾಡಲು ಬಿಡದು. ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ಜರಡಿಯಾಡಿಸಿದ ಕೆಂಪು ಮಸಾರಿ ಮಣ್ಣು, ಹಳ್ಳದ ಗರಸು, ಚೆನ್ನಾಗಿ ಕಳಿತ ಗೊಬ್ಬರ, ಈ ಮೂರನ್ನೂ ಸಮಭಾಗವಾಗಿ ಬೆರೆಸಿ ನಾನು ಬಳಸುತ್ತೇನೆ. ತಟ್ಟೆಯ ತಳದ ತೂತುಗಳ ಮೂಲಕ ತಂತಿ ಹಾಯಿಸಿ ಮರವನ್ನು ಅಲುಗಾಡದಂತೆ ಕಟ್ಟಿ, ತೂತಿನಿಂದ ನೀರು ಇಳಿಯುವವರೆಗೆ ಹನಿಸಬೇಕು. ಎರಡು-ಮೂರು ವಾರ ನೆರಳು. ಒಂದು ತಿಂಗಳು ಗೊಬ್ಬರವಿಲ್ಲ.

ಆಕಾರ ಕೊಡುವ ಕೆಲಸವನ್ನು ಅದೇ ದಿನ ಹಚ್ಚಿಕೊಳ್ಳಬಾರದು. ಎರಡು ಗಾಯಗಳನ್ನು ಮರ ಒಟ್ಟಿಗೆ ತಾಳದು. ಚಿಗುರು ಬಲಿತ ಮೇಲೆ, ಬೇಕಾದ ಕೊಂಬೆಗೆ ತಾಮ್ರ ಅಥವಾ ಅಲ್ಯುಮಿನಿಯಂ ತಂತಿಯನ್ನು ಓರೆಯಾಗಿ ಸುತ್ತಿ, ಮೆಲ್ಲಗೆ ಬಾಗಿಸಬೇಕು. ಕೊಂಬೆ ದಪ್ಪವಾಗಿ ತಂತಿ ತೊಗಟೆಯನ್ನು ಕಚ್ಚುವ ಮೊದಲೇ ಬಿಚ್ಚಬೇಕು. ಉದ್ದನೆಯ ಕುಡಿಗಳನ್ನು ಎರಡೆಲೆ ಬಿಟ್ಟು ಚಿವುಟುತ್ತ ಬಂದರೆ ಕೊಂಬೆ ಕವಲೊಡೆಯುತ್ತದೆ, ಎಲೆ ಕ್ರಮೇಣ ಕಿರಿದಾಗುತ್ತದೆ. ಕಡಿದಲ್ಲಿ ಒಸರುವ ಹಾಲಿಗೆ ಇದ್ದಿಲ ಪುಡಿ ಒತ್ತಿದರೆ ಸಾಕು.

ಇದು ಮರಕ್ಕೆ ಹಿಂಸೆಯಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕುಂಡದಲ್ಲಿಟ್ಟ ಮರದ ಬೇರು ಒಂದನ್ನೊಂದು ಸುತ್ತಿ, ನೀರು ಇಳಿಯದಂತಾಗಿ, ಮರ ಒಳಗಿನಿಂದಲೇ ಒಣಗುತ್ತದೆ. ಎರಡು ವರ್ಷಕ್ಕೊಮ್ಮೆ ಬೇರನ್ನು ಎಳೆಯದಾಗಿಸುವುದರಿಂದಲೇ ಅದು ದೀರ್ಘಕಾಲ ಬದುಕುತ್ತದೆ. ನಿಜವಾದ ಹಿಂಸೆ ಮರೆವಿನದು. ವೈಶಾಖದ ಬಿಸಿಲಿನಲ್ಲಿ ಎರಡು ದಿನ ನೀರು ತಪ್ಪಿದರೆ ಹಲವು ವರ್ಷಗಳ ಆರೈಕೆ ವ್ಯರ್ಥವಾಗಬಹುದು. ದಿನವೂ ನೀರೆರೆಯಲಾಗದವರು ಆ ಸಸಿಯನ್ನು ಊರ ಕೆರೆಯ ಬಳಿ, ಗೋಡೆಗಳಿಂದ ದೂರ ನೆಡಲಿ. ಅಲ್ಲಿ ಅದು ತನ್ನ ಪೂರ್ಣಪ್ರಮಾಣದಲ್ಲಿ ಬೆಳೆದು ನೆರಳು ಕೊಡುತ್ತದೆ.