ಜಾತ್ರೆಯ ಕೆಸರೂ ಗೊರವಯ್ಯನ ಕಂಬಳಿಯೂ

ಜಾತ್ರೆಗೆ ಹೊಸ ಬಟ್ಟೆ ಉಟ್ಟು ಹೋಗುವವರ ಚಿಂತೆ ಒಂದು ಬಗೆಯದಾದರೆ, ವೇಷ ತೊಟ್ಟು ಹೋಗುವವರದು ಇನ್ನೊಂದು ಬಗೆಯದು. ನೋಡಲು ಬಂದವರು ಕೆಸರು ಕಂಡರೆ ಬಳಸಿ ನಡೆಯಬಹುದು. ಕುಣಿಯುವವರು ಹಾಗೆ ಮಾಡುವಂತಿಲ್ಲ. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಸೀಮೆಯಲ್ಲಿ ಮಸಾರಿ ನೆಲವೂ ಉಂಟು, ಎರೆ ನೆಲವೂ ಉಂಟು. ಒಂದರ ಕೆಂಧೂಳು ನೂಲಿನ ಸಂದಿಗೆ ಇಳಿಯುತ್ತದೆ. ಇನ್ನೊಂದು ಮಳೆ ಬಿದ್ದರೆ ಕಾಲಿಗೆ ಅಂಟಿ ಬಿಡದು. ಇಂಥ ನೆಲದ ಮೇಲೆ ತಲೆಮಾರುಗಳಿಂದ ಕುಣಿದವರು ಯಾವ ಬಟ್ಟೆ ತೊಟ್ಟರು ಎಂಬುದನ್ನು ಗಮನಿಸಿದರೆ, ಇಂದು ಉತ್ಸವದ ಮೆರವಣಿಗೆಗೆಂದು ಹಳೆಯ ಕಾಲದ ಉಡುಪು ಹುಡುಕುವವರಿಗೂ ದಾರಿ ಸಿಗುತ್ತದೆ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ ಮೈಲಾರಲಿಂಗನ ಜಾತ್ರೆ ನಡೆಯುತ್ತದೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರ್ಣಿಕ ಕೇಳಲು ಲಕ್ಷಗಟ್ಟಲೆ ಜನ ಸೇರುತ್ತಾರೆ. ಭಕ್ತರು ತುಂಗಭದ್ರೆಯಲ್ಲಿ ಮಿಂದು ಬರುತ್ತಾರೆ, ಭಂಡಾರ ಎರಚುತ್ತಾರೆ. ನೀರು, ಧೂಳು, ಅರಿಸಿನ ಮೂರೂ ಕೂಡಿದ ಆ ಗದ್ದಲದಲ್ಲಿ ಗೊರವರು ಡಮರುಗ ನುಡಿಸುತ್ತ ಓಡಾಡುವುದು ಕರಿ ಕಂಬಳಿಯ ನಿಲುವಂಗಿಯಲ್ಲಿ.

ಕಂಬಳಿಯೇ ಏಕೆ? ಮೈಲಾರನ ಒಕ್ಕಲಿನಲ್ಲಿ ಕುರುಬರು ಬಹಳ. ಉಣ್ಣೆ ಅವರ ಮನೆಯದೇ. ಅದು ಭಕ್ತಿಯ ಕಾರಣ. ಉಣ್ಣೆಯ ಗುಣದಲ್ಲೂ ಒಂದು ಕಾರಣವಿದೆ. ಉಣ್ಣೆಯ ಎಳೆಯ ಹೊರಮೈಯಲ್ಲಿ ಸಣ್ಣ ಹುರುಪೆಗಳೂ ಕುರಿಯ ಮೈಜಿಡ್ಡಿನ ಅಂಶವೂ ಇರುವುದರಿಂದ ಮೇಲೆ ಬಿದ್ದ ಹನಿ ಒಡನೆ ಒಳಗಿಳಿಯದೆ ಜಾರುತ್ತದೆ. ಕೆಸರು ಹತ್ತಿದರೂ ಒಣಗಿದ ಮೇಲೆ ಕೊಡವಿದರೆ ಬಹುಪಾಲು ಉದುರಿಬಿಡುತ್ತದೆ. ಇನ್ನು ಬಣ್ಣ. ಕರಿ ಕುರಿಯ ಉಣ್ಣೆಗೆ ಬಣ್ಣ ಹಾಕುವ ಅಗತ್ಯವೇ ಇಲ್ಲ. ಹಾಕದ ಬಣ್ಣ ಬಿಡುವುದೆಲ್ಲಿಂದ ಬಂತು?

ಭಂಡಾರದ ಕಲೆಯೂ ಕರಿ ಕಂಬಳಿಯ ಮೇಲೆ ಅಷ್ಟಾಗಿ ಕಾಣದು. ಬಿಳಿಯ ಪಂಚೆಯ ಮೇಲೆ ಬಿದ್ದರೆ ಮಾತ್ರ ಗೃಹಿಣಿಯರಿಗೆ ಗಾಬರಿ. ಸೋಪು ಹಚ್ಚಿದೊಡನೆ ಹಳದಿ ಕಲೆ ಕೆಂಪಾಗುತ್ತದೆ. ಅರಿಸಿನ ಕ್ಷಾರಕ್ಕೆ ತಾಗಿದಾಗ ಬಣ್ಣ ಬದಲಿಸುವುದು ಅದರ ಸ್ವಭಾವ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಕಲೆ ತಾನಾಗಿ ಮಾಸುತ್ತದೆ, ಏಕೆಂದರೆ ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವಂಥದ್ದಲ್ಲ.

ಹಾಗೆಂದು ಕಂಬಳಿಯನ್ನು ಹೇಗೆಂದರೆ ಹಾಗೆ ಒಗೆಯುವಂತಿಲ್ಲ. ಬಿಸಿನೀರಲ್ಲಿ ಹಾಕಿ ಕುಕ್ಕಿದರೆ ಎಳೆಯ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಡ್ಡುಗಟ್ಟುತ್ತದೆ. ಸೋಡ ಉಣ್ಣೆಯನ್ನು ತಿನ್ನುತ್ತದೆ. ತಣ್ಣೀರು ಮತ್ತು ಅಂಟುವಾಳದ ನೊರೆ ಸಾಕು. ನೇಯುವ ಮೊದಲು ಹಾಸಿಗೆ ಹಾಕಿದ ಹುಣಸೆ ಬೀಜದ ಗಂಜಿ ತೊಳೆದಂತೆಲ್ಲ ಹೋಗಿ ಕಂಬಳಿ ಮೆತ್ತಗಾಗುತ್ತದೆ. ನೆನೆದ ಕಂಬಳಿ ಬಲು ಭಾರ, ಒಣಗುವುದೂ ನಿಧಾನ. ಮೈಗೆ ಚುಚ್ಚುವುದರಿಂದ ಒಳಗೊಂದು ಹತ್ತಿಯ ಅಂಗಿ ಬೇಕೇ ಬೇಕು.

ಈ ಭಾಗದ ದೊಡ್ಡಾಟದವರ ಕತೆ ಬೇರೆ. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ಹಗುರ ಮರದವು, ಮೇಲೆ ಹೊಳೆಯುವ ಬೇಗಡೆ. ನೀರು ಬಿದ್ದರೆ ಬೇಗಡೆ ಕೀಳುತ್ತದೆ. ಮಖಮಲ್ಲು, ಜರಿಗಳೂ ಒಗೆತಕ್ಕೆ ಒಗ್ಗುವುದಿಲ್ಲ. ಆದರೆ ಅವೆಲ್ಲ ಬಿಚ್ಚಿ ಪೆಟ್ಟಿಗೆಗೆ ಹಾಕುವಂಥವು. ಬೆವರು ಕುಡಿಯುವ ಒಳಬಟ್ಟೆ ಮಾತ್ರ ತೊಳೆಯುವಂಥದ್ದು. ತಾಂಡಾಗಳ ಲಂಬಾಣಿ ಉಡುಪಿನಲ್ಲಿ ಕನ್ನಡಿ, ಕವಡೆಗಳನ್ನು ಬಟ್ಟೆಗೇ ಹೊಲಿದಿರುತ್ತಾರೆ. ಅಲ್ಲಿ ಕೆಂಪು ನೀಲಿಗಳು ಒಂದರ ಮೇಲೊಂದು ಹರಿಯುವ ಭಯವೂ ಉಂಟು. ಒದ್ದೆ ಮಾಡಿದ ಬಿಳಿಯ ಬಟ್ಟೆಯನ್ನು ಅಂಚಿಗೆ ಒತ್ತಿ ನೋಡದೆ ಅದನ್ನು ನೀರಿಗೆ ಹಾಕಬಾರದು.

ಆದ್ದರಿಂದ ಬಯಲಿನ ಮೆರವಣಿಗೆಗೆ ಉಡುಪು ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಬಣ್ಣ ನಿಲ್ಲುತ್ತದೆಯೆ? ಒಡವೆ ಬಿಚ್ಚಲು ಬರುತ್ತದೆಯೆ? ಅಂಚು ನೆಲಕ್ಕೆ ತಾಗದೆ ಮೇಲಿದೆಯೆ? ಕಚ್ಚೆ ಹಾಕಿ ಉಟ್ಟ ಹತ್ತಿಯ ಪಂಚೆ, ತೋಳಿನಂಗಿ, ಹೆಗಲಿಗೆ ಕರಿ ಕಂಬಳಿ ಇಷ್ಟಿದ್ದರೆ ಮೂರಕ್ಕೂ ಉತ್ತರ ಸಿಕ್ಕಂತೆ. ನೋಡಲೂ ಅದು ಈ ನೆಲದ್ದೇ.

ಇಲ್ಲಿ ಒಂದು ಗೆರೆಯನ್ನು ಮರೆಯಬಾರದು. ಗೊರವರ ಪೂರ್ಣ ವೇಷ ದೀಕ್ಷೆಯ ಗುರುತು. ಭಂಡಾರದ ಚೀಲ, ಡಮರುಗಗಳನ್ನು ಕಾಲೇಜಿನ ವೇಷಸ್ಪರ್ಧೆಗೆ ಎತ್ತಿಕೊಳ್ಳುವುದು ಸಲ್ಲದು. ಮೈಸೂರು ಕಡೆಯ ಗೊರವರ ತಲೆಯ ಮೇಲಿನ ಕರಡಿ ಕೂದಲ ಟೋಪಿಯನ್ನು ಹೊಸದಾಗಿ ಕೊಳ್ಳಹೊರಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಕಂಬಳಿಗೆ ಇಂಥ ತಡೆ ಯಾವುದೂ ಇಲ್ಲ. ಅದು ಎಲ್ಲರ ಹೆಗಲಿಗೂ ಸೇರಿದ್ದು.

ಆದರೆ ಆ ಕಂಬಳಿಯೇ ಈಗ ಅಪರೂಪವಾಗುತ್ತಿದೆ. ಒರಟು ಉಣ್ಣೆಗೆ ಬೆಲೆಯಿಲ್ಲ. ತುಪ್ಪಟ ಕತ್ತರಿಸುವ ಕೂಲಿಯೂ ಗಿಟ್ಟದೆ ಕುರಿಗಾರರು ಮಾಂಸಕ್ಕೆ ಹೆಚ್ಚು ತೂಗುವ, ಉಣ್ಣೆಯಿಲ್ಲದ ತಳಿಗಳತ್ತ ಹೊರಳುತ್ತಿದ್ದಾರೆ. ಕಂಬಳಿಯ ಜಾಗಕ್ಕೆ ಗಿರಣಿಯ ಕರಿ ಬಟ್ಟೆ ಬರುತ್ತಿದೆ. ಮೆರವಣಿಗೆಗೆ ಉಡುಪು ಬಾಡಿಗೆ ತರುವ ಬದಲು ನೇಕಾರನಿಂದ ಒಂದು ಕಂಬಳಿ ಕೊಂಡರೆ ಅದು ಹತ್ತಾರು ಜಾತ್ರೆ ಕಾಣುತ್ತದೆ, ಮಗ್ಗಕ್ಕೂ ಅಷ್ಟು ಕೆಲಸ ಸಿಗುತ್ತದೆ.